ಯುರೋಪಿನಲ್ಲಿದ್ದುಕೊಂಡು ಅಮೆರಿಕದ ಹೈ ಪರ್ಫಾರ್ಮೆನ್ಸ್ ಎಂಡಾರ್ಸ್‌ಮೆಂಟ್ ಮಾಡಿಸುವವರು ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಕೈಯಲ್ಲಿ ಅಮೆರಿಕದ ಪೈಲಟ್ ಲೈಸೆನ್ಸ್, ವಾಸ ಮಾತ್ರ ಜರ್ಮನಿ ಕಡೆ. ಇಂಥ ಕನ್ನಡದವರು ನಾನೊಬ್ಬನೇ ಅಲ್ಲ ಅಂತ ಗೊತ್ತು. ಅವರಿಗೋಸ್ಕರ ಬರೆಯುತ್ತಿದ್ದೇನೆ. ಎಂಡಾರ್ಸ್‌ಮೆಂಟ್ ಅಂದರೆ ಒಂದು ಬಗೆಯ ವಿಮಾನ ಹಾರಿಸಲು ನಿಮಗೆ ಬರುತ್ತದೆ ಅಂತ ಇನ್‌ಸ್ಟ್ರಕ್ಟರ್ ನಿಮ್ಮ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕುವುದು. ಹೈ ಪರ್ಫಾರ್ಮೆನ್ಸ್ ಅಂದರೆ ಹೆಚ್ಚು ಶಕ್ತಿಯ ಎಂಜಿನ್ ಇರುವ ವಿಮಾನ, ಕಾಂಪ್ಲೆಕ್ಸ್ ಅಂದರೆ ಚಕ್ರ ಮಡಚುವ, ಪ್ರೊಪೆಲ್ಲರ್ ಕೋನ ಬದಲಿಸುವ ವಿಮಾನ. "ಹೈ ಪರ್ಫಾರ್ಮೆನ್ಸ್, ಕಾಂಪ್ಲೆಕ್ಸ್, ಎಲ್ಲಾ ಎಂಡಾರ್ಸ್‌ಮೆಂಟ್ ಇಲ್ಲೇ ಮಾಡಿಕೊಡ್ತೀವಿ" ಅಂತ ಯಾರಾದರೂ ಹೇಳಿದರೆ ಮೊದಲು ಇನ್‌ಸ್ಟ್ರಕ್ಟರ್ ಯಾರು, ಅವರ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ಇನ್‌ಸ್ಟ್ರಕ್ಟರ್ ನಂಬರ್ ಏನು ಅಂತ ಕೇಳಿ. ಅದು ಕೈಗೆ ಸಿಗುವವರೆಗೂ ಒಂದು ಯೂರೋ ಕೂಡ ಕಳಿಸಬೇಡಿ. ನನ್ನ ದುಡ್ಡು ಹೋಯಿತು. ಅಪ್ಪ ಅಮ್ಮನ ಎದುರಿಗೆ ಮರ್ಯಾದೆಯೂ ಹೋಯಿತು. ಆ ಕೋಪ ಇನ್ನೂ ಇಳಿದಿಲ್ಲ.

ನಾನು ಲೈಸೆನ್ಸ್ ಮಾಡಿದ್ದು ಸ್ಯಾನ್ ಹೋಸೆಯಲ್ಲಿ, ಅಲ್ಲಿ ಕೆಲಸದಲ್ಲಿದ್ದಾಗ. ಆಮೇಲೆ ಮ್ಯೂನಿಕ್‌ಗೆ ಬಂದೆ. ಅಕ್ಕ ಇರುವುದು ಫೀನಿಕ್ಸ್‌ನಲ್ಲಿ. ಅಪ್ಪ ಅಮ್ಮ ಹಾಸನದಿಂದ ಅಲ್ಲಿಗೆ ಬರುವುದು ಅಂತ ಆದಾಗ, ಮೂವರನ್ನೂ ಕೂರಿಸಿಕೊಂಡು ಸೆಡೋನಾಗೆ ಹಾರಬೇಕು ಅಂತ ಆಸೆ ಹುಟ್ಟಿತು. ಸೆಡೋನಾ ಏರ್‌ಪೋರ್ಟ್ ಇರುವುದು ಗುಡ್ಡದ ಮೇಲೆ, ಸುಮಾರು 4,800 ಅಡಿ ಎತ್ತರದಲ್ಲಿ. ಅರಿಜೋನಾದ ಜೂನ್ ಬಿಸಿಲಿನಲ್ಲಿ ನಾಲ್ಕು ಜನ ದೊಡ್ಡವರನ್ನು ಹೊತ್ತು ಹೋಗಲು 180 ಹಾರ್ಸ್‌ಪವರ್‌ನ ಸೆಸ್ನಾ 172 ಸಾಲದು. ಸೆಸ್ನಾ 182 ಬೇಕು. ಅದರ ಎಂಜಿನ್ 230 ಹಾರ್ಸ್‌ಪವರ್. 200 ದಾಟಿದರೆ ಹೈ ಪರ್ಫಾರ್ಮೆನ್ಸ್ ಎಂಡಾರ್ಸ್‌ಮೆಂಟ್ ಬೇಕೇ ಬೇಕು, ನಿಮಗೆ ಗೊತ್ತಿರುವ ವಿಷಯವೇ. ರಜೆ ಇದ್ದದ್ದು ಕಡಿಮೆ. ಅದಕ್ಕೇ ಹೊರಡುವ ಮುಂಚೆ ಇಲ್ಲೇ ಮುಗಿಸೋಣ ಅಂದುಕೊಂಡೆ.

ಇಲ್ಲಿನ ಒಂದು ಸಣ್ಣ ಏರ್‌ಫೀಲ್ಡಿನ ಸಂಸ್ಥೆಗೆ ಮೇಲ್ ಮಾಡಿದೆ. ಉತ್ತರ ಅದೇ ದಿನ ಬಂತು. "ಖಂಡಿತ ಮಾಡಿಕೊಡುತ್ತೇವೆ. ನಮ್ಮ ಇನ್‌ಸ್ಟ್ರಕ್ಟರ್‌ಗೆ ಎಫ್‌ಎಎ ಲೈಸೆನ್ಸ್ ಇದೆ. ವಿಮಾನ ಸೆಸ್ನಾ 182. ಎಫ್‌ಎಎ ಪ್ರಕಾರ ಕನಿಷ್ಠ 5 ಗಂಟೆ ಹಾರಾಟ ಕಡ್ಡಾಯ." ಇನ್‌ಸ್ಟ್ರಕ್ಟರ್ ಹೆಸರು ಕೇಳಿದೆ. "ಆ ವಾರ ಯಾರು ಸಿಗುತ್ತಾರೆ ನೋಡಿ ಹೇಳುತ್ತೇವೆ" ಅಂದರು. ಅಡ್ವಾನ್ಸ್ ಮಾತ್ರ ತಕ್ಷಣ ಬೇಕಿತ್ತು ಅವರಿಗೆ. ಅಂದಹಾಗೆ, ಆ 5 ಗಂಟೆ ಶುದ್ಧ ಸುಳ್ಳು. ಎಫ್‌ಎಎ ನಿಯಮ 61.31ರಲ್ಲಿ ಈ ಎಂಡಾರ್ಸ್‌ಮೆಂಟ್‌ಗೆ ಇಷ್ಟು ಗಂಟೆ ಅಂತ ಎಲ್ಲೂ ಇಲ್ಲ. ಗ್ರೌಂಡ್ ಪಾಠ, ಹಾರಾಟದ ಪಾಠ ಆಗಬೇಕು, ನಿಮಗೆ ವಿಮಾನ ಸರಿಯಾಗಿ ಬರುತ್ತದೆ ಅಂತ ಇನ್‌ಸ್ಟ್ರಕ್ಟರ್‌ಗೆ ಅನಿಸಬೇಕು, ಅಷ್ಟೇ.

ಹೋದ ದಿನ 182 ಇಲ್ಲ. "ಮೆಂಟೆನೆನ್ಸ್‌ಗೆ ಹೋಗಿದೆ." ಅದರ ಬದಲು ಪೈಪರ್ ಕಂಪನಿಯ ಟರ್ಬೊ ಆ್ಯರೋ ವಿಮಾನ ನಿಂತಿತ್ತು. ಆ್ಯರೋ ಅಂದರೆ 200 ಹಾರ್ಸ್‌ಪವರ್ ಅಲ್ವಾ, 200 ದಾಟಬೇಕಲ್ವಾ ಅಂತ ಅಲ್ಲೇ, ರೆಕ್ಕೆ ಪಕ್ಕ ನಿಂತು ಕೇಳಿದೆ. ಇನ್‌ಸ್ಟ್ರಕ್ಟರ್ ನಕ್ಕು ನನ್ನ ಹೆಗಲು ತಟ್ಟಿದರು. "ಅದು ಮಾಮೂಲಿ ಆ್ಯರೋ. ಇದಕ್ಕೆ ಟರ್ಬೊ ಇದೆ. 200 ದಾಟುತ್ತೆ." ಹ್ಯಾಂಡ್‌ಬುಕ್ ತೋರಿಸಿ ಅಂದೆ. "ಆಫೀಸಿನಲ್ಲಿದೆ, ಸ್ಕ್ಯಾನ್ ಕಳಿಸ್ತೀನಿ." ಕಳಿಸಲಿಲ್ಲ. ಆಮೇಲೆ ನಾನೇ ಹುಡುಕಿ ತೆಗೆದೆ. ಟರ್ಬೊ ಆ್ಯರೋ ಎಂಜಿನ್ನಿನ ರೇಟಿಂಗ್ ಕೂಡ 200. ಸರಿಯಾಗಿ 200. ಟರ್ಬೊ ಇರುವುದು ಎತ್ತರಕ್ಕೆ ಹೋದಾಗಲೂ ಶಕ್ತಿ ಬೀಳದಂತೆ ನೋಡಿಕೊಳ್ಳುವುದಕ್ಕೆ. ಇದು ಆ ಮನುಷ್ಯನಿಗೆ ಗೊತ್ತಿಲ್ಲದ ವಿಷಯವೇ? ದಿನಾ ಅದೇ ವಿಮಾನ ಹಾರಿಸುವವನಿಗೆ?

ಹಾರಿದೆವು. ಚಕ್ರ ಮಡಚುವುದು, ಪ್ರೊಪೆಲ್ಲರ್ ಲಿವರ್, ಮ್ಯಾನಿಫೋಲ್ಡ್ ಪ್ರೆಶರ್, ಎಲ್ಲಾ ಹೇಳಿಕೊಟ್ಟರು. ಪಾಠ ಚೆನ್ನಾಗಿಯೇ ಇತ್ತು, ಅದನ್ನು ಇಲ್ಲ ಅನ್ನುವುದಿಲ್ಲ. ಕೊನೆಗೆ ಲಾಗ್‌ಬುಕ್ಕಿನಲ್ಲಿ ಕಾಂಪ್ಲೆಕ್ಸ್‌ಗೆ ಒಂದು, ಹೈ ಪರ್ಫಾರ್ಮೆನ್ಸ್‌ಗೆ ಒಂದು ಅಂತ ಎರಡು ಎಂಡಾರ್ಸ್‌ಮೆಂಟ್ ಬರೆದರು. ದುಂಡಗಿನ ನೀಲಿ ಸೀಲು ಒತ್ತಿದರು. ಎಫ್‌ಎಎ ನಂಬರ್ ಬರೆಯುವ ಜಾಗ ಖಾಲಿ ಬಿಟ್ಟರು. "ಕಾರ್ಡ್ ಮನೆಯಲ್ಲಿದೆ, ಸಂಜೆ ಮೇಲ್ ಮಾಡ್ತೀನಿ, ನೀವೇ ಬರೆದುಕೊಳ್ಳಿ." ನಂಬರ್ ಬಂತು. ಬರೆದೆ. ಬಾಕಿ ಹಣವೂ ಹೋಯಿತು.

ಫೀನಿಕ್ಸ್‌ನಲ್ಲಿ 182 ಬಾಡಿಗೆಗೆ ಕೊಡುವವರ ಹತ್ತಿರ ಚೆಕ್‌ಔಟ್‌ಗೆ, ಅಂದರೆ ವಿಮಾನ ಕೊಡುವ ಮುಂಚಿನ ಪರೀಕ್ಷೆಗೆ, ಹೋದಾಗ ಅಪ್ಪ, ಅಮ್ಮ, ಅಕ್ಕ ಮೂವರೂ ಜೊತೆಗೆ ಬಂದಿದ್ದರು. ಅಲ್ಲಿನ ಇನ್‌ಸ್ಟ್ರಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಲಾಗ್‌ಬುಕ್ ತೆರೆದು ಆ ಪುಟದ ಮೇಲೆ ಬೆರಳಿಟ್ಟಳು. "ಇದು ಆ್ಯರೋ. 200." ಬೆರಳು ಕೆಳಗೆ ಬಂತು. "ಈ ನಂಬರ್ ಕೊನೆಗೆ ಸಿಎಫ್‌ಐ ಅಂತ ಇಲ್ಲವಲ್ಲ?" ಎಫ್‌ಎಎ ಇನ್‌ಸ್ಟ್ರಕ್ಟರ್ ನಂಬರಿನ ಗುರುತು ಅದು. ಎಫ್‌ಎಎ ವೆಬ್‌ಸೈಟಿನಲ್ಲಿ ಅವನ ಹೆಸರು ಹಾಕಿ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು. ಪ್ರೈವೇಟ್ ಪೈಲಟ್. ವಿದೇಶಿ ಲೈಸೆನ್ಸ್ ಆಧಾರದ ಮೇಲೆ ಕೊಟ್ಟದ್ದು. ಇನ್‌ಸ್ಟ್ರಕ್ಟರ್ ಸರ್ಟಿಫಿಕೇಟ್ ಇಲ್ಲವೇ ಇಲ್ಲ! ಎರಡೂ ಎಂಡಾರ್ಸ್‌ಮೆಂಟ್ ಲೆಕ್ಕಕ್ಕಿಲ್ಲ.

ಹಿಂದಿನಿಂದ ಅಪ್ಪ, "ಏನಂತೆ ಮಗಾ, ಲೈಸೆನ್ಸ್ ಸರಿ ಇಲ್ವಂತಾ?" ಅಂದರು. ಏನು ಹೇಳಲಿ? ಲೈಸೆನ್ಸ್ ಸರಿ ಇದೆ. ಕಷ್ಟಪಟ್ಟು ಮಾಡಿದ ಲೈಸೆನ್ಸ್ ಅದು. ಒಬ್ಬ ಮೋಸಗಾರನ ಸಹಿಯಿಂದ ನಾನು ಅಲ್ಲಿ ಕಳ್ಳನ ಹಾಗೆ ನಿಲ್ಲಬೇಕಾಯಿತು.

ಆ ಸಂಜೆಯೇ ಸಂಸ್ಥೆಗೆ ಬರೆದೆ. ಅವರ ಉತ್ತರ ನೋಡಿ: "ನಮ್ಮ ಇನ್‌ಸ್ಟ್ರಕ್ಟರ್‌ಗೆ ಎಫ್‌ಎಎ ಲೈಸೆನ್ಸ್ ಇದೆ ಎಂದು ತಿಳಿಸಿದ್ದೆವು. ಅದು ನಿಜವೇ." ಹೌದು, ಲೈಸೆನ್ಸ್ ಇದೆ. ಜರ್ಮನಿಯ ಲೆಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂಡ ಹೌದು. ಅಮೆರಿಕದ ಇನ್‌ಸ್ಟ್ರಕ್ಟರ್ ಅಲ್ಲ! ನಾನು ಕೇಳಿದ್ದು ಏನು, ದುಡ್ಡು ಕೊಟ್ಟದ್ದು ಯಾವುದಕ್ಕೆ? 61.41ನೇ ನಿಯಮ ಕಳಿಸಿದೆ. ಬೇರೆ ದೇಶದ ಇನ್‌ಸ್ಟ್ರಕ್ಟರ್ ಅಲ್ಲಿ ಕೊಟ್ಟ ಹಾರಾಟದ ಪಾಠವನ್ನು ಅಮೆರಿಕದ ಲೈಸೆನ್ಸ್‌ಗೋ ರೇಟಿಂಗ್‌ಗೋ ಲೆಕ್ಕಕ್ಕೆ ಹಿಡಿಯಬಹುದು, ಆದರೆ ಪಾಠ ಆಗಿದೆ ಅಂತ ಬರೆಯಲು ಮಾತ್ರ ಅವರಿಗೆ ಅಧಿಕಾರ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಉತ್ತರ: "ಅಮೆರಿಕದ ನಿಯಮ ತಿಳಿದುಕೊಳ್ಳುವುದು ಲೈಸೆನ್ಸ್ ಹೊಂದಿದವರ ಜವಾಬ್ದಾರಿ. ನೀವು ಹಾರಿದ್ದೀರಿ, ಸೇವೆ ಮುಗಿದಿದೆ." ಮತ್ತೆ ಬರೆದೆ. ಮುಂದಿನ ಕೋರ್ಸಿಗೆ ಡಿಸ್ಕೌಂಟ್ ಕೊಡುತ್ತಾರಂತೆ. ಡಿಸ್ಕೌಂಟ್! ಆಮೇಲೆ ಉತ್ತರವೇ ಇಲ್ಲ.

ಸೆಡೋನಾಗೆ ಅವತ್ತು ಹೋಗಲಿಲ್ಲ. ಮಾರನೇ ದಿನ ಆ ಹುಡುಗಿಯ ಜೊತೆಯೇ 182 ಹಾರಿಸಿ, ಪಾಠ ಮುಗಿಸಿ, ನಿಜವಾದ ಎಂಡಾರ್ಸ್‌ಮೆಂಟ್ ಬರೆಸಿಕೊಂಡೆ. ಒಂದು ಬೆಳಿಗ್ಗೆಯ ಕೆಲಸ. ಆದರೆ ಅಷ್ಟರಲ್ಲಿ ಅಮ್ಮನಿಗೆ ಹೆದರಿಕೆ ಹುಟ್ಟಿತ್ತು. ಅವರು ವಿಮಾನ ಹತ್ತಲೇ ಇಲ್ಲ. ಇದಕ್ಕೆ ಯಾರು ರೀಫಂಡ್ ಕೊಡ್ತಾರೆ?

ನೀವು ಮಾಡಬೇಕಾದದ್ದು ಇಷ್ಟು. ಇನ್‌ಸ್ಟ್ರಕ್ಟರ್ ಹೆಸರು ತೆಗೆದುಕೊಂಡು ಎಫ್‌ಎಎ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕುವ ಏರ್‌ಮೆನ್ ಇನ್‌ಕ್ವೈರಿ ಪುಟದಲ್ಲಿ ನೋಡಿ. ಸುಮ್ನೆ ಪೈಲಟ್ ಅಂತ ಇದ್ದರೆ ಸಾಲದು, ಫ್ಲೈಟ್ ಇನ್‌ಸ್ಟ್ರಕ್ಟರ್ ಅಂತ ಬೇರೆಯಾಗಿ ಇರಬೇಕು. 2024ರ ಡಿಸೆಂಬರ್‌ನಿಂದ ಹೊಸ ಇನ್‌ಸ್ಟ್ರಕ್ಟರ್ ಕಾರ್ಡಿನ ಮೇಲೆ ಎಕ್ಸ್‌ಪೈರಿ ಇರುವುದಿಲ್ಲ. ಆದರೂ 24 ತಿಂಗಳಿಗೊಮ್ಮೆ ಅವರು ಅರ್ಹತೆ ಉಳಿಸಿಕೊಳ್ಳಬೇಕು, ಆ ತಾರೀಖು ಕೇಳಿ. ವಿಮಾನದ ಹ್ಯಾಂಡ್‌ಬುಕ್ಕಿನಲ್ಲಿ ಹಾರ್ಸ್‌ಪವರ್ ಕಣ್ಣಾರೆ ನೋಡಿ. ಟರ್ಬೊ ಕಥೆ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ನನ್ನ ಕಾಂಪ್ಲೆಕ್ಸ್ ಎಂಡಾರ್ಸ್‌ಮೆಂಟ್ ಇನ್ನೂ ಬಾಕಿ ಇದೆ. ಮ್ಯೂನಿಕ್ ಸುತ್ತಮುತ್ತ ನಿಜವಾದ ಎಫ್‌ಎಎ ಇನ್‌ಸ್ಟ್ರಕ್ಟರ್ ಹತ್ತಿರ ಯಾರಾದರೂ ಮಾಡಿಸಿದ್ದರೆ ದಯವಿಟ್ಟು ತಿಳಿಸಿ.