ದಿರ್ಹಂ ದರಕ್ಕೆ ಫೀಡ್: ಮೂರು ವರ್ಷ ನೋಡಿದ ಮೇಲೆ

ಮಗ ಶಾರ್ಜಾದಲ್ಲಿದ್ದಾನೆ, ತಿಂಗಳಿಗೆ ಎರಡು ಸಾವಿರ ದಿರ್ಹಂ ಕಳುಹಿಸುತ್ತಾನೆ. ನಾನು ಬದಿಯಡ್ಕದ ಮನೆಯಲ್ಲಿ ಕುಳಿತು, ಯಾವ ದಿನ ಕಳುಹಿಸಬೇಕು ಎಂದು ಹೇಳುತ್ತೇನೆ. ಇದಕ್ಕಾಗಿ ಮೊಬೈಲಿಗೆ ಫೀಡ್ ಓದುವ, ಎಂದರೆ ಜಾಲತಾಣದಲ್ಲಿ ಹೊಸದಾಗಿ ಹಾಕಿದ್ದನ್ನು ತಾನಾಗಿ ತಂದು ತೋರಿಸುವ, ಉಚಿತ ಆ್ಯಪ್ ಹಾಕಿಕೊಂಡು ಮೂರು ವರ್ಷವಾಯಿತು.

ಮೊದಲು ದೂರು. ಫೀಡಿನ ದರ ಕೈಗೆ ಸಿಗುವ ದರವಲ್ಲ. ನನ್ನ ಲೆಕ್ಕದಲ್ಲಿ ದಿರ್ಹಂಗೆ 22.60 ರೂಪಾಯಿ ಬಂದ ದಿನ ಅಲ್ಲಿನ ಹಣ ಕಳುಹಿಸುವ ಕೌಂಟರಿನಲ್ಲಿ ಮಗನಿಗೆ ಸಿಕ್ಕಿದ್ದು 22.45. ಎರಡು ಸಾವಿರಕ್ಕೆ ಮುನ್ನೂರು ರೂಪಾಯಿ ಖೋತಾ, ಕಳುಹಿಸುವ ಶುಲ್ಕ ಬೇರೆ. ಆರು ತಿಂಗಳು ಅವನನ್ನೇ ಗದರಿಸಿದೆ. "ಅಮ್ಮಾ, ಬೋರ್ಡಿನಲ್ಲಿ ಬರೆದದ್ದನ್ನೇ ಕೊಡುತ್ತಾರೆ, ನಾನೇನು ಚೌಕಾಸಿ ಮಾಡಲಿ?" ಎಂದು ಅವನು ಸಿಡುಕಿದ.

ಅವನು ಹೇಳಿದ್ದು ಸರಿಯೇ. ನಾನು ಓದುವುದು ಯುರೋಪಿಯನ್ ಕೇಂದ್ರೀಯ ಬ್ಯಾಂಕಿನ ಫೀಡು. ಇದು ಮಾಹಿತಿಗೆ ಮಾತ್ರ, ವ್ಯವಹಾರಕ್ಕೆ ಬಳಸಬೇಡಿ ಎಂದು ಅವರೇ ಬರೆದಿದ್ದಾರೆ, ನಾನು ಓದಿರಲಿಲ್ಲ. ಅಲ್ಲಿ ಒಂದೊಂದು ನಾಣ್ಯಕ್ಕೆ ಒಂದೊಂದು ಫೀಡು, ಎಲ್ಲವೂ ಒಂದು ಯೂರೋ ಲೆಕ್ಕದಲ್ಲಿ. ದಿರ್ಹಂ ಪಟ್ಟಿಯಲ್ಲೇ ಇಲ್ಲ. ಆದರೆ 1997ರಿಂದ ಒಂದು ಡಾಲರಿಗೆ 3.6725 ದಿರ್ಹಂ ಎಂದು ಕಟ್ಟಿಹಾಕಿರುವುದರಿಂದ ದಾರಿಯಿದೆ. ಯೂರೋಗೆ 90 ರೂಪಾಯಿ, 1.08 ಡಾಲರ್ ಎಂದುಕೊಳ್ಳಿ, ಡಾಲರಿಗೆ 83.33 ಆಯಿತು. ಅದನ್ನು 3.6725ರಿಂದ ಭಾಗಿಸಿದರೆ ದಿರ್ಹಂಗೆ 22.69. ಪಕ್ಕದ ಮನೆಯವರ ತಮ್ಮ ಸೌದಿಯಲ್ಲಿ, ಅಲ್ಲಿ ಒಂದು ಡಾಲರಿಗೆ 3.75 ರಿಯಾಲ್, ಅವರಿಗೆ ಅದರಿಂದ ಭಾಗಿಸಿ ಹೇಳುತ್ತೇನೆ. ಕುವೈತಿನವರು ಕೇಳಿದರೆ ಕೈ ಮುಗಿಯುತ್ತೇನೆ. ಅವರ ದಿನಾರ್ ಹಲವು ನಾಣ್ಯಗಳ ಬುಟ್ಟಿಗೆ ಕಟ್ಟಿದ್ದು, ನನ್ನ ಭಾಗಾಕಾರಕ್ಕೆ ಬಗ್ಗುವುದಿಲ್ಲ.

ಶನಿವಾರ, ಭಾನುವಾರ ಫೀಡಿಗೆ ರಜೆ. ಗುಡ್ ಫ್ರೈಡೇ, ಮೇ 1, ಡಿಸೆಂಬರ್ 26ಕ್ಕೂ ರಜೆ. ಆ್ಯಪ್ ಮಾತ್ರ ಶುಕ್ರವಾರದ ದರವನ್ನೇ ಹೊಸದೆಂಬಂತೆ ಮೇಲೆ ತಂದು ಕೂರಿಸುತ್ತದೆ. ತಾರೀಕು ನೋಡದೆ ಒಮ್ಮೆ ಮೋಸಹೋದೆ.

ಇಷ್ಟಾದರೂ ಅಳಿಸಿಲ್ಲ. ಅಡಿಕೆ ಧಾರಣೆ ನೋಡಿ ಬೆಳೆದವರಿಗೆ ಅಂಕಿಯ ಚಟ ಸುಲಭಕ್ಕೆ ಬಿಡುವುದಿಲ್ಲ. ದೀಪ ಹಚ್ಚಿ, ಜಗಲಿಯಲ್ಲಿ ಅಡಿಕೆ ಸುಲಿಯಲು ಕುಳಿತರೆ ಏಳೂವರೆಯ ಹೊತ್ತಿಗೆ ಮೊಬೈಲ್ ಟಿಣ್ ಎನ್ನುತ್ತದೆ. ಕೈ ಒರೆಸಿಕೊಂಡು, ಹಳೆಯ ಡೈರಿಯಲ್ಲಿ ಯೂರೋ, ಡಾಲರ್, ದಿರ್ಹಂ ಎಂದು ಮೂರು ಸಾಲು ಬರೆದು ಮತ್ತೆ ಮೆಟ್ಟುಕತ್ತಿಗೆ ಹಿಂದಿರುಗುತ್ತೇನೆ. ಮೊದಲ ವರ್ಷ ಅಕ್ಟೋಬರ್ ಮುಗಿಯುತ್ತಿದ್ದಂತೆ ಏಳೂವರೆಗೆ ಟಿಣ್ ಇಲ್ಲ. ಆ್ಯಪ್ ಕೆಟ್ಟಿತೆಂದು ತೆಗೆದು ಮತ್ತೆ ಹಾಕಿದೆ. ಎಂಟೂವರೆಗೆ ಬಂತು, ಮರುದಿನವೂ ಎಂಟೂವರೆಗೇ. ಯುರೋಪಿನವರು ಚಳಿಗಾಲಕ್ಕೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರಂತೆ. ಅವರ ಸಂಜೆ ನಾಲ್ಕು ನಮಗೆ ಏಳೂವರೆ ಇದ್ದದ್ದು ಎಂಟೂವರೆಯಾಗುತ್ತದೆ. ಮಾರ್ಚ್ ಕೊನೆಗೆ ಮತ್ತೆ ಏಳೂವರೆ. ಎಲ್ಲಿಯೋ ಇರುವವರ ಗಡಿಯಾರ ನನ್ನ ಗಂಜಿ ಊಟದ ಹೊತ್ತನ್ನು ಹಿಂದೆ ಮುಂದೆ ಮಾಡುವುದು ನನಗೇಕೋ ಬಹಳ ಹಿಡಿಸಿತು.

ಲಾಭವಾಯಿತೇ ಎಂದರೆ, ಇಲ್ಲ. ಕಳೆದ ವರ್ಷ ಇನ್ನು ಹತ್ತು ಪೈಸೆ ಏರಲಿ ಎಂದು ನಾಲ್ಕು ದಿನ ಕಾಯಿಸಿದೆ. ಏರಿತು, ಇನ್ನೂರು ರೂಪಾಯಿ ಹೆಚ್ಚು ಬಂತು. ಅಷ್ಟರಲ್ಲಿ ಚಿನ್ನದ ಸಾಲದ ಗಡುವು ದಾಟಿ, ಅದಕ್ಕಿಂತ ಹೆಚ್ಚು ಬಡ್ಡಿ ಕಟ್ಟಿದೆ. ಮಗನಿಗೆ ಇನ್ನೂ ಹೇಳಿಲ್ಲ. ಈಗ ಗಡುವಿನ ವಾರದಲ್ಲಿ ಡೈರಿ ಮುಚ್ಚಿಟ್ಟು "ಕಳುಹಿಸಿಬಿಡು" ಎನ್ನುತ್ತೇನೆ. ಉಳಿದ ದಿನ ಲೆಕ್ಕದಿಂದ ಹದಿನೈದು ಪೈಸೆ ಕಳೆದು ಹೇಳುತ್ತೇನೆ. ಕೌಂಟರಿನ ದರಕ್ಕೆ ಬಹುಮಟ್ಟಿಗೆ ತಾಳೆಯಾಗುತ್ತಿದೆ. ಆ್ಯಪಿನವರು ಇದಕ್ಕೆ ದುಡ್ಡು ಕೇಳಿದರೆ ಮಾತ್ರ ಅಂದೇ ತೆಗೆಯುತ್ತೇನೆ.