ಐದು ವರ್ಷದ ಮಗುವಿಗೆ ಹಾಡುಗಾರಿಕೆಯೋ, ಕೀಬೋರ್ಡೋ?

ಕರ್ನಾಟಕ ಸಂಗೀತದ ಹಾಡುಗಾರಿಕೆ ಪಾಠ ಶುರುವಾಗುವುದು ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ, ಅಂದರೆ ಸರಿಗಮಪದನಿಯ ಮೊದಲ ಅಭ್ಯಾಸದಿಂದ. ಈ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಎಂಬುದು ಪರಂಪರೆಯ ಮಾತು. ಬಾಯಲ್ಲಿ ಸ್ವರ, ತೊಡೆಯ ಮೇಲೆ ಆದಿತಾಳದ 8 ಎಣಿಕೆ, ಕಿವಿಯಲ್ಲಿ ತಂಬೂರಿ, ಮೂರೂ ಒಟ್ಟಿಗೆ. ಅದೇ ವರಸೆಯನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಹಾಡುವಾಗ ತಾಳ ಅಲುಗುವಂತಿಲ್ಲ, ಸ್ವರ ಮಾತ್ರ ಇಮ್ಮಡಿಯಾಗುತ್ತದೆ. ನೆನಪು, ಗಮನ, ಉಚ್ಚಾರಣೆ ಎಲ್ಲಕ್ಕೂ ಕೆಲಸ. ಮೊದಮೊದಲು ಮಕ್ಕಳಿಗೆ ಬೇಜಾರಾಗುವುದೂ ನಿಜವೇ.

ಕೀಬೋರ್ಡಿನಲ್ಲಿ ಒತ್ತಿದರೆ ಸ್ವರ ಬಂತು, ಖುಷಿ ಬೇಗ. ಎರಡು ಕೈಗೂ ಬೇರೆ ಬೇರೆ ಕೆಲಸವಿರುವುದರಿಂದ ಬೆರಳು ಪಳಗುತ್ತದೆ. ಶ್ರುತಿ ಹುಡುಕುವ ಶ್ರಮ ಮಾತ್ರ ಕಿವಿಗಿಲ್ಲ. ಖರ್ಚೂ ಇದೆ.

ನಾನಾದರೆ ಹಾಡಿನಿಂದ ಶುರುಮಾಡಿಸುತ್ತೇನೆ. ಸದಾ ಮೇಜು ಬಡಿಯುವ ಮಗುವಾದರೆ ಎರಡನ್ನೂ ಬಿಟ್ಟು ಮೃದಂಗದ ಮೇಷ್ಟ್ರನ್ನು ಹುಡುಕಿ.