ಮೂರು ಮಳೆಗಾಲ ಕಂಡ ಎಲುಬಿನ ದಂಡು: ಕಾರವಾರದ ಹವೆಯಲ್ಲಿ ಬಳಸಿದವರ ವಿಮರ್ಶೆ

ಮೇಜಿನ ಮೇಲಿನ ಆಟಕ್ಕೆ ನಾವೇ ಜೋಡಿಸಿ ಬಣ್ಣ ಹಚ್ಚಿಕೊಳ್ಳುವ ಪುಟ್ಟ ಗೊಂಬೆಗಳಿವು. ಪೆಟ್ಟಿಗೆಯಲ್ಲಿ 20 ಅಸ್ಥಿಪಂಜರ ಸೈನಿಕರು. 28 ಮಿಲಿಮೀಟರ್ ಅಳತೆ, ಗಟ್ಟಿ ಪ್ಲಾಸ್ಟಿಕ್ಕು, ಬಿಡಿಭಾಗಗಳು ಸ್ಪ್ರೂಗೆ, ಅಂದರೆ ಅಚ್ಚಿನ ಪ್ಲಾಸ್ಟಿಕ್ ಚೌಕಟ್ಟಿಗೆ, ಅಂಟಿಕೊಂಡೇ ಬರುತ್ತವೆ. ಸೊಂಟದಿಂದ ಕೆಳಗೆ ಒಂದು ತುಂಡು, ಎದೆಗೂಡು ಒಂದು, ತಲೆ ಒಂದು, ಕೈ ಎರಡು, ಗುರಾಣಿ ಬೇರೆ. ಅಡಿಯಲ್ಲಿ 25 ಮಿ.ಮೀ. ದುಂಡು ತಟ್ಟೆ, ಪಾತ್ರ ವಹಿಸಿ ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಒಂದಿಂಚಿನ ಚೌಕಕ್ಕೆ ಸರಿಯಾಗಿ ಕೂರುತ್ತದೆ. ಕೆತ್ತನೆಯಲ್ಲಿ ಕೊರತೆಯಿಲ್ಲ, ಪಕ್ಕೆಲುಬಿನ ಸಂದಿಯಲ್ಲಿ ಆಚೆಯ ಬೆಳಕು ಕಾಣುತ್ತದೆ. ತಕರಾರು ಏನಿದ್ದರೂ ಕಣಕಾಲು, ಈಟಿ, ಬಿಲ್ಲು ಈ ಮೂರರದ್ದೇ.

ಮೊದಲು ಕಣಕಾಲು. 20ರಲ್ಲಿ 6 ಅಲ್ಲೇ ಮುರಿದಿವೆ, ಅದರಲ್ಲಿ ನಾಲ್ಕು ಕತ್ತರಿಸುವಾಗಲೇ. ಕತ್ತರಿಸುವ ಇಕ್ಕಳವಾದ ನಿಪ್ಪರನ್ನು ಪಾದದ ಹತ್ತಿರ ಒತ್ತಿದರೆ ಪ್ಲಾಸ್ಟಿಕ್ಕು ಹಿಗ್ಗಿ, ಆ ಒತ್ತಡ ಎಲ್ಲಕ್ಕಿಂತ ತೆಳುವಾದ ಜಾಗಕ್ಕೆ ಹೋಗಿ ಬೀಳುತ್ತದೆ. ಹಾಗಾಗಿ ಸ್ಪ್ರೂವನ್ನು ಮೊದಲು ದೂರದಲ್ಲೇ ಕತ್ತರಿಸಿ ತುಂಡನ್ನು ಬಿಡಿಸಿಕೊಳ್ಳಿ, ಆಮೇಲೆ ಹತ್ತಿರ ಬನ್ನಿ, ಉಳಿದ ಮೊಳಕೆಯನ್ನು ಬ್ಲೇಡಿನಿಂದ ಹೆರೆಯಿರಿ. ಮುರಿದ ಕಾಲಿಗೆ ತಂತಿ ಪಿನ್ ಹಾಕುವಷ್ಟು ದಪ್ಪ ಅಲ್ಲಿಲ್ಲ. ಪಾದದ ಪಕ್ಕಕ್ಕೆ ಕೆಂಪುಕಲ್ಲಿನ ಸಣ್ಣ ಚೂರು ಒತ್ತಿಟ್ಟು ಅಂಟಿಸಿದರೆ ಕಲ್ಲೇ ಆಧಾರ. ನೋಡುವವರಿಗೆ ಮಿರ್ಜಾನ್ ಕೋಟೆಯ ಗೋಡೆಯಿಂದ ಉದುರಿದ ತುಂಡಿನ ಮೇಲೆ ನಿಂತಂತೆ ಕಾಣುತ್ತದೆ.

ಅಂಟಿನ ವಿಷಯದಲ್ಲಿ ಕರಾವಳಿಯವರು ಹುಷಾರಾಗಿರಬೇಕು. ಫೆವಿಕ್ವಿಕ್ ಜಾತಿಯ ಅಂಟು ತೇವ ಹೆಚ್ಚಿದ್ದಾಗ ಆವಿಯಾಗಿ ಎದ್ದು ಸುತ್ತಲೂ ಬಿಳಿ ಬೂದಿಯಂತೆ ಕೂರುತ್ತದೆ. ಜೊತೆಗೆ ಆ ಬೆಸುಗೆ ಪೆಡಸು, ಮೇಜಿನಿಂದ ಒಮ್ಮೆ ಬಿದ್ದರೆ ಕೈ ಬೇರೆ, ಮೈ ಬೇರೆ. ಪ್ಲಾಸ್ಟಿಕ್ ಸಿಮೆಂಟ್ ಎರಡು ಮೈಯನ್ನೂ ಕರಗಿಸಿ ಒಂದು ಮಾಡುತ್ತದೆ, ಇಲ್ಲಿ ಅದೇ ಸರಿ. ಆದರೆ ರೆಸಿನ್ ಗೊಂಬೆಗೆ ಅದು ಹಿಡಿಯುವುದಿಲ್ಲ, ಎರಡೂ ಜಾತಿ ಇಟ್ಟುಕೊಂಡವರು ಮರೆಯಬೇಡಿ.

ಬಣ್ಣ ಸುಲಭ: ಎಲುಬಿನ ಬಣ್ಣದ ತಳ, ಅದರ ಮೇಲೆ ಸಂದಿಗಳಿಗೆ ಇಳಿಯುವ ನೀರಾದ ಕಂದು ಬಣ್ಣ, ಅಂದರೆ ವಾಶ್, ಒಣಗಿದ ಮೇಲೆ ಒಣ ಬ್ರಷ್ಷಿನಲ್ಲಿ ತಿಳಿ ಬಣ್ಣ ಸವರಿದರೆ ಮುಗಿಯಿತು. ತೊಂದರೆ ಬರುವುದು ಋತುವಿನಿಂದ. ಜನವರಿಯಲ್ಲಿ ಅರ್ಧ ಗಂಟೆಗೆ ಒಣಗುವ ವಾಶ್ ಜುಲೈಯಲ್ಲಿ ಮಧ್ಯಾಹ್ನ ಹಾಕಿದರೆ ರಾತ್ರಿಗೂ ಪಕ್ಕೆಲುಬಿನ ಸಂದಿಯಲ್ಲಿ ಹಸಿಯಾಗೇ ಇರುತ್ತದೆ. ಆಗ ಬ್ರಷ್ ಆಡಿಸಿದರೆ ಕೆಳಗಿನ ಪದರ ಕಿತ್ತು ಬರುತ್ತದೆ. ಬಣ್ಣಕ್ಕೆ ಮುಂಚೆ ಹೊಡೆಯುವ ಸ್ಪ್ರೇ ಪ್ರೈಮರು, ಕೊನೆಗೆ ಹೊಡೆಯುವ ಹೊಳಪಿಲ್ಲದ ಸ್ಪ್ರೇ ಮ್ಯಾಟ್ ವಾರ್ನಿಶ್ ಎರಡನ್ನೂ ಚೌತಿ ಕಳೆದು ಒಣಬಿಸಿಲು ಬೀಳುವವರೆಗೆ ಮುಟ್ಟಬೇಡಿ. ತೇವಕ್ಕೆ ವಾರ್ನಿಶ್ ಮಂಜುಗಟ್ಟಿ ಇಡೀ ಸೈನಿಕ ಬೆಳ್ಳಗಾದರೆ, ಒಣ ದಿನ ನೋಡಿ ಮೇಲೊಂದು ಕೈ ಹೊಳಪಿನ ವಾರ್ನಿಶ್ ಬಳಿದರೆ ಬಹುಪಾಲು ತಿಳಿಯಾಗುತ್ತದೆ. ಮಳೆಗಾಲದಲ್ಲೇ ಮುಗಿಸಬೇಕೆಂದಿದ್ದರೆ ಬ್ರಷ್ಷಿನಿಂದ ಹಚ್ಚುವ ಪ್ರೈಮರೇ ಗತಿ, ಎರಡು ತೆಳು ಪದರ.

ತಟ್ಟೆಗೆ ಟಾಗೋರ್ ಕಡಲತೀರದ ಮರಳು ಚಂದ ಕಾಣುತ್ತದೆ, ಆದರೆ ನೇರವಾಗಿ ಹಾಕಬೇಡಿ. ಉಪ್ಪು ತೇವ ಎಳೆದು ಬಣ್ಣ ಎಬ್ಬಿಸುತ್ತದೆ. ಸಿಹಿನೀರಿನಲ್ಲಿ ಮೂರು ಸಲ ತೊಳೆದು ಬಿಸಿಲಿಗೆ ಒಣಗಿಸಿ. ಶಿರಸಿ ಕಡೆಯವರು ಒಣಹುಲ್ಲಿನ ಬದಲು ಅಡಿಕೆ ಸಿಪ್ಪೆಯ ನಾರು ಬಳಸುವುದುಂಟು. ನೋಟಕ್ಕೆ ಅಸಲಿ ಹುಲ್ಲೇ. ಆದರೆ ವಾರ್ನಿಶ್ ಕುಡಿಸದೆ ಬಿಟ್ಟರೆ ಮೊದಲ ಮಳೆಗಾಲಕ್ಕೇ ಬೂಸಲು.

ತಟ್ಟೆಯಡಿಗೆ 5 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಮ್ಯಾಗ್ನೆಟ್ ಹಾಕಿ ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ನಿಲ್ಲಿಸಿದರೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ಬಸ್ಸಿನಲ್ಲೂ ಒಂದೂ ಉರುಳುವುದಿಲ್ಲ. ಆದರೆ ಮ್ಯಾಗ್ನೆಟ್ಟಿನ ಹೊಳಪಿನ ಲೇಪ ಒಂದು ಕಡೆ ಚಕ್ಕೆ ಎದ್ದರೂ ಉಪ್ಪುಗಾಳಿಗೆ ಒಳಗಿಂದ ತುಕ್ಕು ಉಬ್ಬಿ ತಟ್ಟೆಯನ್ನೇ ಮೇಲಕ್ಕೆ ದೂಡುತ್ತದೆ. ಹಾಕುವ ಮುಂಚೆ ಉಗುರುಬಣ್ಣ ಬಳಿದವು ಮೂರನೇ ವರ್ಷವೂ ನೆಟ್ಟಗಿವೆ, ಬಳಿಯದವುಗಳಲ್ಲಿ ಅರ್ಧ ಹೋಗಿವೆ.

ಈಟಿಗಳು 9 ಮುರಿದಿವೆ. ಬದಲಿಗೆ ತೆಂಗಿನ ಕಡ್ಡಿಯ ಪೊರಕೆಯಿಂದ ತುದಿಭಾಗದ ತೆಳು ಕಡ್ಡಿಯನ್ನು 45 ಮಿ.ಮೀ.ಗೆ ಕತ್ತರಿಸಿ, ಮೇಲೆ ಅಂಟು ಕುಡಿಸಿ ಒಣಗಿಸಿ, ಹಳೇ ಮೊನೆಯನ್ನು ಕೂರಿಸಿದರೆ ಮೂಲಕ್ಕಿಂತ ಗಟ್ಟಿ.

ಬಿಲ್ಲಿನ ತಕರಾರಿಗೆ ಮದ್ದಿಲ್ಲ. ಪೆಟ್ಟಿಗೆಗೆ ಐದೇ ಬಿಲ್ಲು. ಆಟ ನಡೆಸುವವರಿಗೆ ಇದು ನಿಜಕ್ಕೂ ನಷ್ಟ, ಏಕೆಂದರೆ 2014ರ ಐದನೇ ಆವೃತ್ತಿಯ ಲೆಕ್ಕದಲ್ಲಿ ಅಸ್ಥಿಪಂಜರದ ಬಲ ಇರುವುದೇ ದೂರದಲ್ಲಿ. ರಕ್ಷಣಾಂಕ (ಏಟು ತಾಗಲು ದಾಳದಲ್ಲಿ ಮುಟ್ಟಬೇಕಾದ ಅಂಕ) 13, ಜೀವಾಂಕ (ಸಾಯುವ ಮುಂಚೆ ತಾಳುವ ಪೆಟ್ಟು) 13, ವಿಷ ತಾಗದು. ಗದೆ, ಸುತ್ತಿಗೆಯ ಪೆಟ್ಟು ಮಾತ್ರ ಎರಡು ಪಟ್ಟು. ಅಂದರೆ ಗದೆಯ ಏಟು 6 ಬಿದ್ದರೆ 12 ಆಗಿ ಒಂದು ಜೀವ ಉಳಿದು ನಿಲ್ಲುತ್ತದೆ, 7 ಬಿದ್ದರೆ ಪುಡಿ. ದೇವರ ಶಕ್ತಿ ಪಡೆದ ಪುರೋಹಿತ ಪಾತ್ರವಾದ ಕ್ಲೆರಿಕ್‌ಗೆ ಸತ್ತೆದ್ದವರನ್ನು ಓಡಿಸುವ ಟರ್ನ್ ಅಂಡೆಡ್ ಎಂಬ ಶಕ್ತಿಯಿದೆ, ಅದು 30 ಅಡಿಯೊಳಗೆ ಕೆಲಸ ಮಾಡುತ್ತದೆ, ಐದನೇ ಹಂತದ ಕ್ಲೆರಿಕ್ ಆದರೆ ತಪ್ಪಿಸಿಕೊಳ್ಳಲಾಗದವು ಅಲ್ಲೇ ನಾಶ. ಗಿಡ್ಡ ಬಿಲ್ಲಿನ ನೇರ ದೂರ 80 ಅಡಿ. ಬಿಲ್ಲಾಳುಗಳನ್ನು ಎಂಟು ಚೌಕದಾಚೆ, ಅಂದರೆ ಚೌಕಕ್ಕೆ 5ರಂತೆ ಆಟದ ಲೆಕ್ಕದ 40 ಅಡಿಗೆ ನಿಲ್ಲಿಸಿದರೆ ಕ್ಲೆರಿಕ್ ಮುಂದೆ ಬರಲೇಬೇಕು. ಎಲ್ಲರನ್ನೂ ಗುಂಪಾಗಿ ಮಾತ್ರ ಇಡಬೇಡಿ: ಬೆಂಕಿಯುಂಡೆಯ ಮಂತ್ರವಾದ ಫೈರ್‌ಬಾಲ್‌ನ ಎಂಟು ದಾಳಕ್ಕೆ ಸರಾಸರಿ 28, ತಪ್ಪಿಸಿಕೊಂಡವರಿಗೂ ಅರ್ಧ 14, ಜೀವಾಂಕ ಇರುವುದು 13. ಅರ್ಧ ಗಂಟೆ ಜೋಡಿಸಿಟ್ಟ ಸಾಲು ಒಂದೇ ಸರದಿಗೆ ಡಬ್ಬಿ ಸೇರುತ್ತದೆ.

ಹನ್ನೆರಡು ಸೈನಿಕರಿಗೆ ಹನ್ನೆರಡು ಸಲ ದಾಳ ಉರುಳಿಸಿದರೆ ಎದುರಿನವರು ಚಹಾ ಕುಡಿದು ಬರುತ್ತಾರೆ. ಗುಂಪಿನ ಲೆಕ್ಕ ಬಳಸಿ. ದಾಳಿಯ ದಾಳಕ್ಕೆ 4 ಕೂಡಿಸಬೇಕು, ಎದುರಾಳಿಯ ರಕ್ಷಣಾಂಕ 18 ಇದ್ದರೆ ಇಪ್ಪತ್ತು ಮುಖದ ದಾಳದಲ್ಲಿ 14 ಬೀಳಬೇಕು. ಆಗ ದಾಳಿ ಮಾಡುವ ಮೂವರಲ್ಲಿ ಒಬ್ಬನ ಏಟು ತಾಗುತ್ತದೆ. ಹನ್ನೆರಡಕ್ಕೆ ನಾಲ್ಕು ಏಟು, ಏಟಿಗೆ ಸರಾಸರಿ 5, ಒಟ್ಟು 20. ದಾಳವೇ ಬೇಡ.

ಎಷ್ಟು ಪೆಟ್ಟಿಗೆ ಕೊಳ್ಳಬೇಕು? ಸತ್ತವರನ್ನು ಎಬ್ಬಿಸುವ ಮಾಂತ್ರಿಕನನ್ನು ಆಡುವವರಿಗೆ ಒಂದೇ ಸಾಕು. ಸತ್ತವರನ್ನು ಎಬ್ಬಿಸುವ ಅನಿಮೇಟ್ ಡೆಡ್ ಮಂತ್ರದ ಹಿಡಿತ 24 ಗಂಟೆ, ಮರಳಿ ಹಾಕಿದರೆ ಒಮ್ಮೆಗೆ ನಾಲ್ವರ ಮೇಲೆ ಮಾತ್ರ ಹಿಡಿತ ಮುಂದುವರಿಯುತ್ತದೆ. ಐದನೇ ಹಂತದ ವಿಜರ್ಡ್, ಅಂದರೆ ಮಾಂತ್ರಿಕ, ತನ್ನ ಎರಡೂ ಮೂರನೇ ಹಂತದ ಸ್ಲಾಟನ್ನು (ಮಂತ್ರ ಹಾಕುವ ಅವಕಾಶವನ್ನು) ಇದಕ್ಕೇ ಸುರಿದರೆ 8, ಬಳಸಿದ ಸ್ಲಾಟನ್ನು ಮರಳಿ ಕೊಡುವ ಆರ್ಕೇನ್ ರಿಕವರಿಯಿಂದ ಬರುವ ಇನ್ನೊಂದನ್ನೂ ಸೇರಿಸಿದರೆ 12. ಆಟ ನಡೆಸುವವರಿಗೆ ಎರಡು ಪೆಟ್ಟಿಗೆ ಬೇಕು, ಅದೂ ಬಿಲ್ಲಿಗಾಗಿ. ನಾಲ್ಕೈದು ಎಲುಬು ಸಾಕೆನ್ನುವವರು ಕ್ಯಾರಂ ಕಾಯಿನ್‌ನಲ್ಲೇ ಆಡಬಹುದು, ಚೌಕದಿಂದ ಅಂಚು ತುಸು ಹೊರಗೆ ಬರುತ್ತದೆ ಅಷ್ಟೇ.

ಮಳೆಗಾಲಕ್ಕೆ ಎತ್ತಿಡುವಾಗ ಡಬ್ಬಿಯೊಳಗೆ ಸಿಲಿಕಾ ಜೆಲ್ ಹಾಕಿ, ಅಕ್ಕಿ ಬೇಡ, ಹುಳು ಬೀಳುತ್ತದೆ. ಜೆಲ್ ತೇವ ಕುಡಿದ ಮೇಲೆ ಹಳೇ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು ಮತ್ತೆ ಬಳಸಬಹುದು. ಆ ಬಾಣಲೆಯನ್ನು ಮಾತ್ರ ಅಡುಗೆಮನೆಗೆ ವಾಪಸು ಒಯ್ಯಬೇಡಿ.